ಬಲೆಗೆಷ್ಟು?

ಕಾಲೇಜಿನವರು ಲ್ಯಾಬ್ ಕೊಡಲಿಲ್ಲ,
ರಾತ್ರಿ ಹುಡುಗಿಯರೂ ಇರುತ್ತಾರಲ್ಲ ಎಂದು.
ಕೊಟ್ಟದ್ದು ದಕ್ಕೆಯ ಮೀನುಗಾರರ ಸಂಘ:
ಐಸ್ ಪ್ಲಾಂಟಿನ ಮೇಲಿನ ಹಾಲ್, ಎರಡು ದಿನಕ್ಕೆ ಸಾವಿರದೆಂಟುನೂರು,
ಕರೆಂಟು ಬೇರೆ.
ಕೆಳಗೆ ಕಂಪ್ರೆಸರ್ ಗುಡುಗಿದಾಗಲೆಲ್ಲ
ಮೇಲೆ ಹದಿನಾಲ್ಕು ಪರದೆಗಳು ಕಣ್ಣು ಮಿಟುಕಿಸಿ
ಅರ್ಧ ಬೆಳೆದ ಕಾಡುಗಳು ಆರಿ
ಮತ್ತೆ ಮೊದಲಿನಿಂದ ಮೊಳೆಯುತ್ತಿದ್ದವು.

ನನ್ನ ಕೆಲಸ ಎಕ್ಸ್‌ಟೆನ್ಶನ್ ಬೋರ್ಡು ಎಣಿಸುವುದು,
ಬನ್ಸ್ ತರಿಸುವುದು, ಕಷಾಯ ಆರದಂತೆ ನೋಡುವುದು,
ನಲವತ್ತೆಂಟು ಗಂಟೆ ಗಡಿಯಾರ ಕಾಯುವುದು.
ಬೋರ್ಡಿನ ಮೇಲೆ ವಿಷಯ ಬರೆದವಳೂ ನಾನೇ:
‘ನೆರೆಮನೆಯ ಕಾಡುಪ್ರಾಣಿ. ಹುಲಿ ಬೇಡ.’
ಹುಲಿ ಬೇಡವೆಂದದ್ದಕ್ಕೆ ಇಬ್ಬರು ಎದ್ದು ಹೋದರು.

ಮೂಲ್ಕಿಯ ಅನ್ವಿತ್ ಬಂಗೇರನದು ಬಾವಿಗೆ ಬಿದ್ದ ಚಿರತೆ.
ಹಾರುವ ಗುಂಡಿಯೇ ಇಲ್ಲ ಅದರಲ್ಲಿ,
ಏಣಿ ಇಳಿಯುವ ತನಕ ಈಜುತ್ತ ಕಾಯಬೇಕು, ಅಷ್ಟೆ.
“ಬೋರಲ್ವಾ?” ಎಂದರೆ
“ಚಿರತೆಗೂ” ಎಂದ.
ಲೆನಿಟಾಳ ನೀರುನಾಯಿ ರಾತ್ರಿ ಎರಡಕ್ಕೆ ಫಲ್ಗುಣಿಯ ದಡದಲ್ಲಿ ಸಿಕ್ಕಿಕೊಂಡಿತು,
ಕಾಲು ಕೆಸರಿನೊಳಗೆ, ಬಾಲ ಮೋಡದಲ್ಲಿ;
ತಪ್ಪೆಲ್ಲೆಂದು ತಿಳಿಯದೆ ಅವಳು ಮೇಜಿಗೆ ತಲೆಯಿಟ್ಟಳು.
ನಾನು ಪರದೆ ಆರಿಸಲಿಲ್ಲ. ಒಂಟಿಯಾದೀತು ಅದು.

ಉಳ್ಳಾಲದ ರಮೀಝಾಳದು ಕಡಲಾಮೆ.
ಆಡುವವನೇ ಮೀನುಗಾರ. ಬಲೆ ಎಳೆದರೆ ಆಮೆ.
ಕತ್ತರಿ ಒತ್ತಿದರೆ ಹತ್ತು ಅಂಕ, ಗಂಟೆಯ ಸದ್ದು,
ಆಮೆ ಒಮ್ಮೆ ತಿರುಗಿ ನೋಡಿ ಮುಳುಗುತ್ತದೆ.
ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ.

ಶನಿವಾರ ಸಂಜೆ ಬಾಡಿಗೆ ಕೇಳಲು ಬಂದರು
ಸಂಘದ ವಾಮನ ಮೆಂಡನ್.
ಒಂದಾಟ ಆಡಿ ಎಂದು ಕೂರಿಸಿದೆವು.
ಅಂಗೈಯಲ್ಲಿ ಹಗ್ಗ ಕೊರೆದ ಗೆರೆ,
ಅದರ ಮೇಲೆ ಕಂಟ್ರೋಲರ್, ಬಂಗುಡೆಯಷ್ಟೇ.
ಬಲೆ ಎಳೆದರು. ಆಮೆ ಬಂತು.
ಕತ್ತರಿ ಒತ್ತಲಿಲ್ಲ.
ಕಂಪ್ರೆಸರ್ ಒಂದು ಸುತ್ತು ಗುಡುಗಿ ನಿಂತಿತು.
“ಬಲೆ... ಕ್ರಯ ಏತ್?”
ಬಲೆಗೆಷ್ಟು?
ಅಂಕ ಕೇಳಿದರೆಂದುಕೊಂಡು ರಮೀಝಾ “ಹತ್ತು” ಎಂದಳು.
“ಹತ್ತಕ್ಕೆ ಯಾರು ಹೊಲಿದು ಕೊಡ್ತಾರೆ, ಮಗಾ?”

ಒಂದು ಸಲ ಕೊಯ್ದಿದ್ದರಂತೆ,
ಬೋಟಿನ ಧಣಿ ಎಂಟು ಸಾವಿರ ಮುರಿದುಕೊಂಡ.
ಒಂದು ಸಲ ಕೊಯ್ಯಲಿಲ್ಲ.
ಆ ಎರಡನೆಯದರ ಬಗ್ಗೆ ಹೆಚ್ಚು ಹೇಳಲಿಲ್ಲ,
ಅದು ಉಸಿರು ಬಿಡುವುದು ನಮ್ಮ ಹಾಗೇ, ಎಂದಷ್ಟೆ.
ಬಾಡಿಗೆ ಕೇಳದೆ ಮೆಟ್ಟಿಲಿಳಿದು ಹೋದರು.

ಆ ರಾತ್ರಿ ರಮೀಝಾ ಗಂಟೆಯ ಸದ್ದು ತೆಗೆದಳು,
ಅಂಕ ತೆಗೆದಳು.
ಪರದೆಯ ಮೂಲೆಯಲ್ಲೊಂದು ಅಕ್ಕಿ ಡಬ್ಬ ಇಟ್ಟಳು.
ಕತ್ತರಿ ಒತ್ತಿದರೆ ಡಬ್ಬ ಇಳಿಯುತ್ತದೆ,
ಆಮೆ ತಿರುಗಿಯೂ ನೋಡದೆ ಹೋಗುತ್ತದೆ.
ಆಮೇಲೆ ಕೂತು ಬಲೆಯ ಕಣ್ಣಿಗೆ ಕಣ್ಣು ಕೂಡಿಸಬೇಕು,
ಒಂದೊಂದೇ ಗುಂಡಿ ಒತ್ತಿ, ಇನ್ನೂರು ಗಂಟು.
“ಯಾರು ಆಡ್ತಾರೆ ಇದನ್ನ?” ಎಂದೆ,
ಆಟ ಅಂದರೆ ಆಟದ ಹಾಗಿರಬೇಕಲ್ಲ ಎಂದೆ.
ಉತ್ತರವಿಲ್ಲ, ಕೀಲಿಗಳ ಟಕಟಕ.

ಭಾನುವಾರ ಬಹುಮಾನ ಬಾವಿಯ ಚಿರತೆಗೆ ಹೋಯಿತು.
ಸರಿಯೇ, ನಾನಾದರೂ ಅದಕ್ಕೇ ಕೊಡುತ್ತಿದ್ದೆ.
ಬ್ಯಾನರ್ ಮಡಚಿ, ಕಪ್ಪು ಗುಡಿಸಿ, ತಂತಿ ಸುತ್ತಿ
ನೋಡಿದರೆ ಕೊನೆಯ ಮೇಜಿನಲ್ಲಿ ಇನ್ನೂ ಬೆಳಕು:
ಮೆಂಡನ್, ನೂರಾ ಮೂವತ್ತನೆಯ ಗಂಟಿನಲ್ಲಿ.
ಪಕ್ಕದಲ್ಲಿ ಅವಳು, ನೋಟ್‌ಬುಕ್ ಹಿಡಿದು.
ಕೆಳಗೆ ಯಾರೋ ಐಸು ಒಡೆಯುತ್ತಿದ್ದರು.

“ಈ ಗಂಟು ತಪ್ಪು” ಎಂದರು, “ಜಾರ್ತದೆ,
ಒಂದು ಬಂಗುಡೆಯೂ ನಿಲ್ಲುವುದಿಲ್ಲ ಇದರಲ್ಲಿ.”
ನನ್ನ ಕಡೆ ಕೈ ಚಾಚಿದರು.
ಬಾಡಿಗೆಗಲ್ಲ.
ಕೊರಳಿನ ಐಡಿ ಕಾರ್ಡಿನ ದಾರ ಕೇಳಿ ತೆಗೆದುಕೊಂಡು
ಕಾರ್ಡು ಬಿಚ್ಚಿ ಪಕ್ಕಕ್ಕಿಟ್ಟು
“ಹೀಗೆ, ನೋಡು,” ಎಂದು ಶುರುಮಾಡಿದರು.