ಆರು ಕಿಲೋ ಬಾಕಿ

ನೋಟುಬುಕ್ಕಿನ ಹದಿನಾಲ್ಕನೇ ಪುಟದಲ್ಲಿ
ಅತ್ತೆಯ ಕೈಬರಹ, ಇರುವೆ ಸಾಲಿನ ಹಾಗೆ:
‘ಕ್ರೆಸೆನ್ಸಿಯಾಳಿಂದ, ಫ್ಲೊರಿಂಡಾಳ ಮದುವೆಗೆ
ಟರ್ಕಿ ಒಂದು. ಗಂಡು. ಆರು ಕಿಲೋ.’
ಫ್ಲೊರಿಂಡಾ ಅಂದರೆ ನಾನೇ.
ಅವತ್ತು ಬ್ಯಾಂಡಿನವರ ಮುಂದೆ
ಅದರ ಕಾಲು ಹಿಡಿದು ಕುಣಿದವರು ಯಾರೋ,
ಎಲುಬು ಚೀಪಿದವರು ಯಾರೋ.
ಬಾಕಿ ಮಾತ್ರ ನನ್ನ ಹೆಸರಲ್ಲಿ
ಒಂಬತ್ತು ವರ್ಷದಿಂದ ಮೇಯುತ್ತಿದೆ.

ಓಹಾಕದ ಈ ಕಣಿವೆಯಲ್ಲಿ
ಕೊಟ್ಟದ್ದನ್ನು ಯಾರೂ ಕೇಳುವುದಿಲ್ಲ.
ಭಾನುವಾರದ ಸಂತೆಯಲ್ಲಿ ಕ್ರೆಸೆನ್ಸಿಯಾ
ಮೆಣಸಿನಕಾಯಿ ಆರಿಸುತ್ತ ಅಂದಳು:
‘ಜನವರಿಗೆ ನನ್ನ ಕಿರಿಯವನ ಮದುವೆ.
ನಿಮ್ಮ ಕೋಳಿಗಳೆಲ್ಲ ಆರೋಗ್ಯವೇ?’

ಆರೋಗ್ಯವೇ.
ಹದಿಮೂರು ಮೊಟ್ಟೆಯ ಮೇಲೆ ಕೂತಿದ್ದ ಹೇಂಟೆಯನ್ನು
ಹತ್ತನೇ ದಿನ ನಾಯಿ ಎಳೆದೊಯ್ದಿತು.
ಗೂಡಿಗೆ ಕೈ ಹಾಕಿದೆ. ಇನ್ನೂ ಬಿಸಿ.
ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಲಸಿಕೆ ಬರುವ ಥರ್ಮೊಕೋಲ್ ಪೆಟ್ಟಿಗೆ,
ನಲವತ್ತು ವಾಟಿನ ಬಲ್ಬು, ಬಟ್ಟಲು ನೀರು,
ಮಗನ ಜ್ವರ ನೋಡುವ ಥರ್ಮಾಮೀಟರು.
ಮೂವತ್ತೇಳೂವರೆ:
ಜ್ವರ ಬರಲೋ ಬೇಡವೋ ಎನ್ನುವ ಮೈಯ ಬಿಸಿ.
ಪೆನ್ಸಿಲಿನಲ್ಲಿ ಒಂದು ಮಗ್ಗುಲಿಗೆ ಗುಣಾಕಾರ,
ಇನ್ನೊಂದಕ್ಕೆ ಸೊನ್ನೆ.
ಬೆಳಿಗ್ಗೆ ಗುಣಾಕಾರ, ಮಧ್ಯಾಹ್ನ ಸೊನ್ನೆ, ರಾತ್ರಿ ಮತ್ತೆ ಗುಣಾಕಾರ.
ಹೇಂಟೆ ನಿದ್ದೆಗಣ್ಣಲ್ಲಿ ಮಾಡುತ್ತಿದ್ದುದನ್ನು
ನಾನು ಗಡಿಯಾರ ನೋಡಿ ಮಾಡಿದೆ.

ಟಾರ್ಚಿಗೆ ಹಿಡಿದರೆ ಮೂರು ಗೊಡ್ಡು, ಬರೀ ಹಳದಿ ಬೆಳಕು.
ಉಳಿದ ಹತ್ತರಲ್ಲಿ ಎಲೆಯ ಬೆನ್ನಿನ ಹಾಗೆ ನರ,
ನರದ ನಡುವೆ ಒಂದು ಕಪ್ಪು.
‘ಅಮ್ಮಾ, ಒಳಗೆ ಯಾರೋ ಮಗ್ಗುಲು ಬದಲಿಸಿದರು’
ಅಂದ ನೆಮೆಸಿಯೊ, ಪಿಸುದನಿಯಲ್ಲಿ.

ಇಪ್ಪತ್ತೆರಡನೇ ರಾತ್ರಿ ವರ್ಷದ ಮೊದಲ ಗುಡುಗು.
ಗುಡುಗಿಗೆ ಮೊಟ್ಟೆ ಕಲಕಿಹೋಗುತ್ತದೆಂದು
ಅತ್ತೆ ಪೆಟ್ಟಿಗೆಯೊಳಗೆ ಎರಡು ಇದ್ದಿಲ ತುಂಡು
ಶಿಲುಬೆಯಾಗಿ ಇಟ್ಟಿದ್ದರು; ನಾನು ನಕ್ಕಿದ್ದೆ.
ಕರೆಂಟು ಹೋಯಿತು. ನಗು ಹೋಯಿತು.
ಅತ್ತೆ ಶಾಲು ಬಿಚ್ಚಿ
ಐದು ತಮ್ಮ ಹೊಟ್ಟೆಗೆ ಕಟ್ಟಿಕೊಂಡರು,
ಐದು ನನಗೆ ಕಟ್ಟಿದರು.
‘ಉಸಿರು ಬಿಗಿಹಿಡಿಯಬೇಡ. ಹೆತ್ತವಳು, ಗೊತ್ತಿರಬೇಕು.’

ಮಣ್ಣುಗೋಡೆಗೆ ಒರಗಿ ಇಬ್ಬರೂ
ಹೊರಳಲಾಗದೆ, ಮಲಗಲಾಗದೆ,
ಬೆಳಗಿನ ತನಕ.
ಯಾವುದೋ ಜಾವದಲ್ಲಿ ಅವರೆಂದರು:
‘ಆರು ಕಿಲೋ ಇರಲಿಲ್ಲ ಅದು.
ತಕ್ಕಡಿ ಹೇಳಿದ್ದು ಐದೂವರೆ.
ಆ ವರ್ಷ ಅವಳ ಗಂಡ ತೀರಿಕೊಂಡಿದ್ದ.
ಇದ್ದ ಒಂದೇ ಹಕ್ಕಿ ಹೊತ್ತುಕೊಂಡು ಬಂದಳು.
ಅರ್ಧ ಕಿಲೋ ನಾನು ಬರೆದೆ.’
ಕತ್ತಲಲ್ಲಿ ನನ್ನ ಹೊಟ್ಟೆಯ ಮೇಲೆ
ಒಂದು ಮೊಟ್ಟೆ ಒಳಗಿನಿಂದ ಒದ್ದಿತು,
ಅಥವಾ ಅದು ನನ್ನದೇ ನಾಡಿ.

ಇಪ್ಪತ್ತೈದರಿಂದ ತಿರುಗಿಸುವುದಿಲ್ಲ, ಮುಚ್ಚಳ ತೆಗೆಯುವುದಿಲ್ಲ.
ಇಪ್ಪತ್ತೆಂಟರ ಮುಂಜಾನೆ ಟಕ್, ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಚಿಪ್ಪಿನಲ್ಲಿ ಸಾಸಿವೆಯಷ್ಟು ಬಿರುಕು,
ಬಿರುಕಿನ ಹಿಂದೆ ಕೊಕ್ಕಿನ ತುದಿಯ ಬಿಳಿ ಹಲ್ಲು.
ಕೈ ಹಾಕಬೇಡ ಎಂದು ಕೈಗೆ ಹೇಳುತ್ತ
ಕೈಯನ್ನು ಸೆರಗಿನಡಿ ಅದುಮಿಕೊಂಡೆ.
ಹದಿನಾಲ್ಕು ಗಂಟೆ.
ಒದ್ದೆ ಮುದ್ದೆಯೊಂದು ಹೊರಬಿದ್ದು
ತನ್ನದೇ ಕತ್ತಿನ ಭಾರಕ್ಕೆ ಮುಗ್ಗರಿಸಿತು.

ಆರು ಬಂದವು.
ನಾಲ್ಕು ಬರಲಿಲ್ಲ. ಮೂರು ದಿನ ಕಾದು ಒಡೆದರೆ
ಒಂದರಲ್ಲಿ ಎಲ್ಲವೂ ಇತ್ತು, ಉಗುರೂ ಇತ್ತು;
ಕೊಕ್ಕು ಮಾತ್ರ ಗಾಳಿಯಿಲ್ಲದ ಕಡೆಗಿತ್ತು.
ಅದು ಅತ್ತೆಯ ಐದರದೋ ನನ್ನ ಐದರದೋ,
ಇಬ್ಬರೂ ಕೇಳಲಿಲ್ಲ.

ಟರ್ಕಿ ಮರಿಗೆ ತಿನ್ನುವುದೂ ಗೊತ್ತಿಲ್ಲ.
ಕಾಳಿನ ಮುಂದೆ ನಿಂತು ಹಸಿದು ಸಾಯುತ್ತವೆ.
ನೆಮೆಸಿಯೊ ತನ್ನ ಕೆಂಪು ಗೋಲಿ, ಹಸಿರು ಗೋಲಿ
ನುಚ್ಚಿನೊಳಗೆ ಹೂತಿಟ್ಟ.
ಹೊಳಪಿಗೆ ಕುಕ್ಕಿದವು, ಜಾರಿತು,
ಬಾಯಿಗೆ ಜೋಳ ಸಿಕ್ಕಿತು.
‘ಗೋಲಿ ವಾಪಸು ಕೊಡಬೇಕು’ ಅಂದ ಅವುಗಳಿಗೆ.
ನಮ್ಮ ಮನೆಯವನೇ, ಸಂಶಯವಿಲ್ಲ.

ಸಂಜೆ ಜೀರಿಗೆ ತೂಗುವ ತಕ್ಕಡಿಯಲ್ಲಿ
ಗಂಡಿರಬಹುದು ಅನಿಸಿದ ಒಂದನ್ನು ಕೂರಿಸಿದೆ.
ಐವತ್ತೈದು ಗ್ರಾಂ.
ಅತ್ತೆ ಕನ್ನಡಕ ಹುಡುಕಿ
ಹದಿನಾಲ್ಕನೇ ಪುಟ ತೆಗೆದು,
ಪೆನ್ಸಿಲ್ಲಿಗೆ ಎಂಜಲು ಹಚ್ಚಿ ಬರೆದರು:
ಬಾಕಿ, ಐದು ಕಿಲೋ
ಒಂಬೈನೂರ ನಲವತ್ತೈದು.