ನಡುವಿನ ಉಸಿರು

ಸರಸ್ವತಿಪುರಂ, ಮೆಡಿಕಲ್ ಸ್ಟೋರಿನ ಮೇಲೆ
ಮೊಟ್ಟೆ ಟ್ರೇ ಬಡಿದ ಗೋಡೆಯ ಕೋಣೆ.
ಪರದೆಯಲ್ಲಿ ನೀಲಿ ಜಡೆಯ ಜಪಾನಿ ಹುಡುಗಿ
ಬಾಯಿ ತೆರೆದಳು. ಈಗದು ನನ್ನ ಬಾಯಿ.

ಮಾತು ಸಲೀಸು. ಮೂರೇ ದಿನಕ್ಕೆ
ಅವಳ ಸಿಟ್ಟು, ಬಿಕ್ಕಳಿಕೆ ನನ್ನದಾಯ್ತು.
ಹಾಡು ಮಾತ್ರ ರೆಜಿನಾ ಮೇಡಂದೇ ಇರಲಿ,
ಮತ್ತೆ ರೆಕಾರ್ಡಿಂಗಿಗೆ ದುಡ್ಡೆಲ್ಲಿ, ಅಂದರು ಶಿವನಂಜಪ್ಪ.

ಹಾಗಾಗಿ ಹುಡುಗಿ ನನ್ನಂತೆ ಅಳುತ್ತಾಳೆ,
ಕಣ್ಣೊರೆಸಿಕೊಂಡು ಇನ್ನೊಬ್ಬಳಂತೆ ಹಾಡುತ್ತಾಳೆ.
ನಡುವೆ ಒಂದು ಉಸಿರು.
ಯಾರದು ಅಂದೆ.
ಎಂಜಿನಿಯರ್ ಹಿಂದಕ್ಕೆಳೆದು ಎರಡು ಸಲ ಕೇಳಿಸಿಕೊಂಡ,
ತಲೆಯಾಡಿಸಿದ.

ಮೇಡಂಗೆ ಮುಂದಿನ ಹಲ್ಲೊಂದು ಮುರಿದಿತ್ತಂತೆ:
'ಸಂಜೆ' ಅನ್ನುವಲ್ಲಿ ಸಣ್ಣ ಸಿಳ್ಳೆ.

ಭಾನುವಾರ ಮಂಡ್ಯ. ಅಕ್ಕನ ಮಗಳು ಇಂಚರ
ಕಬ್ಬಿನ ಸಿಪ್ಪೆ ಉಗಿದು ಅದೇ ಹಾಡು ಶುರು ಮಾಡಿದಳು.
ಜಲ್ಲೆ ಸಿಗಿಯುವ ಗಟ್ಟಿ ಹಲ್ಲು ಅವಳದು;
ಆ ಜಾಗ ಬಂದಾಗ ನಾಲಿಗೆ ಮಡಿಸಿ
ಬೇಕಂತಲೇ ಸಿಳ್ಳೆ ಬಿಟ್ಟಳು.
"ಯಾಕೇ ಹಂಗೆ?"
"ಹಾಡಿರೋದೇ ಹಂಗೆ, ಚಿಕ್ಕಿ."
ಮಾತಾಡೋಳು ಬದಲಾಗಿದ್ದು
ಅವಳಿಗೆ ಗೊತ್ತೇ ಇರಲಿಲ್ಲ,
ನಾನೂ ಹೇಳಲಿಲ್ಲ.

ಸೋಮವಾರದ ಬಸ್ಸು. ಕಿಟಕಿಗೆ ಮುಖ ತಿರುಗಿಸಿ
ಶ್ರೀರಂಗಪಟ್ಟಣ ದಾಟುವವರೆಗೂ
ಸಂಜೆ, ಸಂಜೆ ಅಂದುಕೊಂಡೆ.
ಗಾಳಿ ಬಂತು, ಅಷ್ಟೆ.