ಬೋಳಾರದ ಗಲ್ಲಿಯಲ್ಲಿ ಅಳತೆ

ಟೇಪಿನ ತುದಿ ಹುಡುಗನ ಕೈಲಿ,
ಡಬ್ಬಿ ನನ್ನ ಕೈಲಿ.
ಹಂಚಿನ ಕಾರ್ಖಾನೆಯ ಹಳೇ ಗೋದಾಮಿಗೆ ಸುಣ್ಣ ಬಳಿಸಿ
ಡಾಕ್ಟರ್ ರುಕಿಯಾಬಿ ನಾಲ್ಕು ಡಯಾಲಿಸಿಸ್ ಯಂತ್ರ ತರಿಸಿದ್ದಾರೆ.
ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಒಂದರ ಮೇಲೆ
ಬೆಕ್ಕು ಮಲಗಿದೆ, ಅನುಮತಿ ಕೇಳದೆ.

ದಾರಿ ಆರು ಮೀಟರ್ ಇರಬೇಕು.
ಮೂರು ಕಡೆ ಅಳೆದೆ. ಗೇಟಿನ ಹತ್ತಿರ ಆರು ದಾಟಿತು,
ಕರೆಂಟು ಕಂಬದ ಹತ್ತಿರ ಸರಿಯಾಗಿ ಆರು,
ಬೆನೆಡಿಕ್ಟಾ ಬಾಯಿಯ ಗೋಡೆ ಹೊಟ್ಟೆ ಮುಂದೆ ಮಾಡಿ ನಿಂತಲ್ಲಿ
ಐದು ಎಪ್ಪತ್ತು.
ಬರೆಯಬೇಕಾದ್ದು ಕಡಿಮೆಯದ್ದನ್ನು.

"ಗೋಡೆ ಕೆಡವಿ, ನಂದೇನೂ ತಕರಾರಿಲ್ಲ" ಎಂದರು ಬಾಯಿ,
"ಆದ್ರೆ ಅದು ನನ್ನದೋ ಮೈದುನನದೋ ಅಂತ
ಹತ್ತೊಂಬತ್ತು ವರ್ಷದಿಂದ ಕೋರ್ಟು ಯೋಚನೆ ಮಾಡ್ತಾ ಉಂಟು.
ಒಂದು ಕಲ್ಲು ಅಲುಗಿದರೂ ಸ್ಟೇ."
ಅವರ ಬಿಂಬುಲಿ ಮರ ಮಾತ್ರ ಸ್ಟೇ ಲೆಕ್ಕಿಸದೆ ದಾರಿಗೆ ಬಾಗಿದೆ,
ಮೈತುಂಬ ಹಸಿರು ಗೊಂಚಲು,
ಕಿಡ್ನಿ ಕೆಟ್ಟವರು ಮುಟ್ಟಬಾರದ ಹುಳಿ.

ಎದುರಿನ ಜಗಲಿಯಲ್ಲಿ ಐತಪ್ಪ ಬೆಳ್ಚಡರು.
ಇದೇ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಹಂಚು ಎಣಿಸಿದವರು.
ಈಗ ಹೆಂಡತಿ ಅವರಿಗೆ ನೀರು ಎಣಿಸಿ ಕೊಡುತ್ತಾರೆ,
ಕುಡ್ತೆಯಲ್ಲಿ: ಬೆಳಿಗ್ಗೆ ಒಂದು, ಮಾತ್ರೆಗೆ ಅರ್ಧ,
ಸೆಕೆಗೆ ಅಂತ ಏನೂ ಇಲ್ಲ.
ದೊಡ್ಡಾಸ್ಪತ್ರೆಯಲ್ಲಿ ಅವರದು ನಾಲ್ಕನೇ ಪಾಳಿ,
ರಾತ್ರಿ ಹನ್ನೊಂದಕ್ಕೆ ಶುರು,
ಮುಗಿಯುವ ಹೊತ್ತಿಗೆ ರಿಕ್ಷಾ ಸಿಕ್ಕರೆ ಪುಣ್ಯ.
"ಒಂತೆ ಅಡ್ಜಸ್ಟ್ ಮಲ್ಪುಲೆ ಸಾರ್."

ಒಂತೆ.
ಟೇಪು ಸ್ವಲ್ಪ ಸಡಿಲ ಬಿಟ್ಟರಾಯಿತು.
ಜೋತುಬಿದ್ದ ಟೇಪು ಬಹಳ ಉದಾರಿ.

ಆದರೆ ನಾನು ಮೊದಲು ಗಾಡಿಯಲ್ಲಿದ್ದವ.
ಊರು ಬೇಡ, ಹೆಸರು ಬೇಡ. ಮೂರು ಮಾಳಿಗೆಯ ನರ್ಸಿಂಗ್ ಹೋಮ್,
ಗಲ್ಲಿಯ ಬಾಯಲ್ಲಿ ಸಿಕ್ಕಿಕೊಂಡ ನಮ್ಮ ಕೆಂಪು ಗಾಡಿ.
ಕನ್ನಡಿ ಮಡಚಿದೆವು. ಒಂದು ಗೇಣು ಸಾಲಲಿಲ್ಲ.
ಪೈಪು ಎಳೆದುಕೊಂಡು ಓಡಿದೆವು, ಪೈಪೂ ಸಾಲಲಿಲ್ಲ.
ಮೇಲಿನ ಕಿಟಕಿಯಲ್ಲಿ ಒಬ್ಬ ಸಿಸ್ಟರ್
ಹೊಗೆಯೊಳಗೆ ಸಲೈನ್ ಬಾಟಲಿ ಎತ್ತಿ ಹಿಡಿದೇ ನಿಂತಿದ್ದಳು,
ಅದು ಕೆಳಗಿಳಿಯಬಾರದು ಅಂತ ಯಾರೋ ಕಲಿಸಿದ್ದರು.
ಆರು ಮೀಟರ್ ಅಂತ ಯಾರು ಬರೆದರೋ ಗೊತ್ತಿಲ್ಲ.
ನನಗದು ಅವಳ ತೋಳಿನ ಉದ್ದ.

ಇದನ್ನು ಐತಪ್ಪರಿಗೆ ಹೇಳಲಿಲ್ಲ.
ಹೇಳಿದ್ದರೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು,
ಅದು ಇನ್ನೂ ಕಷ್ಟ.

ಐದು ಎಪ್ಪತ್ತು ಬರೆದೆ.
ಡಾಕ್ಟರು ಓದಿ, "ಅಪೀಲು?" ಎಂದರು.
"ಅರವತ್ತು ದಿನ ಹಿಡೀತದೆ."
ಐತಪ್ಪರ ಲೆಕ್ಕದಲ್ಲಿ ಇಪ್ಪತ್ತಾರು ರಾತ್ರಿ.

ಬಾಯಿ ಒಂದು ತೊಟ್ಟೆ ಬಿಂಬುಲಿ ಕೊಟ್ಟರು.
ಬೇಡ ಅನ್ನಲು ನಾಲಿಗೆ ಏಳಲಿಲ್ಲ.
ಹುಡುಗ ತುದಿ ಬಿಟ್ಟ, ಟೇಪು ಸರ್ರನೆ ಬಂದು
ಹೆಬ್ಬೆರಳಿಗೆ ಹೊಡೆಯಿತು.

"ಒಟ್ಟು ಎಷ್ಟು ಕಮ್ಮಿ?" ಜಗಲಿಯಿಂದಲೇ ಕೇಳಿದರು.
ಎರಡೂ ಕೈ ಎತ್ತಿ ತೋರಿಸಿದೆ,
ಗಾಳದವನು ತಪ್ಪಿಹೋದ ಮೀನು ತೋರಿಸುವ ಹಾಗೆ.
ಅಷ್ಟರಲ್ಲಿ ಒಳಗಿಂದ ಕುಡ್ತೆ ಬಂತು,
ಸಂಜೆಯದ್ದು,
ಮುಕ್ಕಾಲು.